ಕಾಫಿ ಮತ್ತು ಗೋಡೆ

18 ಜನವರಿ 2024, ಗುರುವಾರ

ಇವತ್ತು ಸ್ಟುಡಿಯೋ ಬಾಗಿಲು ತೆಗೆದೆ. ಶಟರ್ ಎತ್ತಲು ನನ್ನಿಂದಾಗಲಿಲ್ಲ, ಪಕ್ಕದ ಬೇಕರಿಯವರು ಬಂದು ಎತ್ತಿಕೊಟ್ಟರು. ಒಳಗೆ ದೇವರ ಪಟಕ್ಕೆ ದೀಪಾವಳಿಯಲ್ಲಿ ಹಾಕಿದ ಚೆಂಡುಹೂವು ಹಾಗೇ ಒಣಗಿ ನೇತಾಡುತ್ತಿತ್ತು.

ದೀಪಾವಳಿ ಮುಗಿದು ವಾರಕ್ಕೇ ನಮ್ಮ ಮನೆಯವರಿಗೆ ಸ್ಟ್ರೋಕ್ ಆಗಿದ್ದು. ಕಾಲು ಪರವಾಗಿಲ್ಲ, ನಡೆಯುತ್ತಾರೆ. ಬಲಗೈಯಲ್ಲಿ ಹಿಡಿತ ಇಲ್ಲ. ಹೋಗಿದ್ದು ಮಾತು. ಪೂರ್ತಿ ಹೋಗಿದ್ದರೆ ಒಂದು ಥರ, ಹಾಗೂ ಆಗಿಲ್ಲ. ನೀರು ಬೇಕಾದರೆ ‘ಚಪ್ಪಲಿ’ ಅನ್ನುತ್ತಾರೆ. ಫ್ಯಾನ್ ಹಾಕು ಅನ್ನೋದಕ್ಕೆ ‘ಬೀಗರು ಬಂದರು’ ಅನ್ನುತ್ತಾರೆ. ಹೇಳಿದ ಮೇಲೆ ತಪ್ಪಾಯಿತು ಅಂತ ಅವರಿಗೇ ತಿಳಿದು ಹಣೆ ಚಚ್ಚಿಕೊಳ್ಳುತ್ತಾರೆ. ತುಮಕೂರಿನ ಮಾತಿನ ಡಾಕ್ಟರಮ್ಮ, “ಹಾಲೇಶ್ ಅವರ ತಲೆಯಲ್ಲಿ ಎಲ್ಲಾ ಇದೆಯಮ್ಮ, ಡಬ್ಬಿಗಳ ಮೇಲಿನ ಚೀಟಿ ಮಾತ್ರ ಅದಲುಬದಲಾಗಿದೆ” ಅಂದರು. ಸರಿಹೋಗುತ್ತಾ ಅಂದರೆ, ನೋಡೋಣ ಅಂದರು.

ಮನೆಯಲ್ಲಿ ನಾವಿಬ್ಬರೇ. ಮದುವೆಯಾದಾಗಿನಿಂದ ಊಟ ಆದ ಮೇಲೆ ದಿನದ್ದೆಲ್ಲ ಇವರ ಹತ್ತಿರ ಹೇಳಿಕೊಂಡು ಮಲಗುತ್ತಿದ್ದೆ. ಈಗ ಹೇಳಿದರೆ ಉತ್ತರ ಕೊಡಲಾಗದೆ ಇವರ ಕಣ್ಣು ತುಂಬುತ್ತದೆ. ಅದಕ್ಕೆ ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ.

ಇವರು ಸರಿಹೋಗುವವರೆಗೆ ಅಂಗಡಿ ನೋಡಿಕೊಂಡಿರುತ್ತೇನೆ, ಅಷ್ಟೆ.

20 ಜನವರಿ, ಶನಿವಾರ

ಪಾಸ್‌ಪೋರ್ಟ್ ಫೋಟೋ ನನಗೆ ಬರುತ್ತದೆ. ಮದುವೆ ಡಿಸ್ಕ್‌ಗಳ ಮೇಲೆ ಮಾರ್ಕರಿನಲ್ಲಿ ಗಂಡುಹೆಣ್ಣಿನ ಹೆಸರು ಬರೆಯುತ್ತಿದ್ದವಳೂ ನಾನೇ. ಆದರೆ ಡಿಸ್ಕ್ ರೈಟ್ ಮಾಡೋದು ಇವರ ಕೆಲಸ. ಈಗ ಎಲ್ಲರೂ ಪೆನ್‌ಡ್ರೈವ್ ಅನ್ನುತ್ತಾರೆ, ಆದರೂ ಹಳ್ಳಿ ಕಡೆಯವರು ಡಿಸ್ಕ್ ಕೇಳುತ್ತಾರೆ, ಕೋರ್ಟಿಗೆ ಲಾಯರುಗಳು ಕೇಳುತ್ತಾರೆ.

ಸಾಫ್ಟ್‌ವೇರ್ ತೆರೆದೆ. ಮೊದಲೇ ಕೇಳಿದ್ದು, ಯಾವ ಡಿವೈಸ್ ಅಂತ. ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದರ ಮೇಲೊಂದು ಎರಡು ಡಿಸ್ಕ್ ಡ್ರೈವ್ ಇವೆ. ಒಂದೇ ದಿನ ತಂದಿದ್ದು, ಒಂದೇ ಕಂಪನಿ. ಪಟ್ಟಿಯಲ್ಲಿ ಹೀಗಿತ್ತು:

ಕೆಟಿ-ಎಸ್‌ವಿ ಡಿವಿಡಿ ರಾಮ್ 24ಎನ್‌ಬಿ 1:0:0
ಕೆಟಿ-ಎಸ್‌ವಿ ಡಿವಿಡಿ ರಾಮ್ 24ಎನ್‌ಬಿ 2:0:0

ಇದ್ಯಾವ ರಾಮನೋ. ಯಾವ ರಾಮ ಮೇಲಿನವನು, ಯಾವ ರಾಮ ಕೆಳಗಿನವನು? ಇವರನ್ನು ಕೇಳಿದೆ. ಮೇಲಿನ ಡ್ರೈವ್ ಮುಟ್ಟಿ “ಕಾಫಿ” ಅಂದರು. ಹೋಗಿ ಕಾಫಿ ಮಾಡಿಸಿಕೊಂಡು ಬಂದೆ. ಕುಡಿಯಲಿಲ್ಲ. ಸಿಟ್ಟು ಮಾಡಿಕೊಂಡು ಗೋಡೆ ಕಡೆ ತಿರುಗಿ ಕೂತರು.

24 ಜನವರಿ, ಬುಧವಾರ

ಹುಲಿಕುಂಟೆ ಕಡೆಯ ಹಟ್ಟಿಯಿಂದ ಕರಿಯಕ್ಕ ಅಂತ ಒಬ್ಬರು ಬಂದಿದ್ದರು. ಕುರಿ ಸಾಕುವವರು. ಸೆರಗಿನಲ್ಲಿ ಸುತ್ತಿ ಒಂದು ಡಿಸ್ಕ್ ತಂದಿದ್ದರು. ಅವರ ಮಗಳು ಪವಿತ್ರಳ ಮದುವೆಗೆ ವಿಡಿಯೋ ತೆಗೆದವರು ಇವರೇ.

“ಹೊಸಾ ಟೀವಿ ತಂದೀವಿ ಅಮ್ಮಣ್ಣಿ, ಅದಕ್ಕೆ ತಟ್ಟೆ ಹಾಕಾಕೆ ಬಾಯೇ ಇಲ್ಲ. ಪೆನ್ನಿಗೆ ಹಾಕ್ಕೊಡು. ಗಂಡಿನ ಕಡೇರ್ನೆಲ್ಲ ಕತ್ತರಿಸ್ಬುಡು. ನಮ್ಮ್ ಯಜಮಾನ್ರು ಇರೋದಷ್ಟೇ ಸಾಕು.”

ಯಾಕೆ ಅಂತ ಕೇಳಿದೆ. ಮದುವೆ ಎರಡು ವರ್ಷಕ್ಕೇ ಮುರಿದುಬಿತ್ತಂತೆ. ಮಗಳು ಮನೆಗೆ ಬಂದಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಮದುವೆಯ ಫೋಟೋಗಳನ್ನೆಲ್ಲ ಒಲೆಗೆ ಹಾಕಿದಳಂತೆ. ಈ ಡಿಸ್ಕೊಂದನ್ನು ಕರಿಯಕ್ಕ ರಾಗಿ ತುಂಬಿಡುವ ವಾಡೆಯೊಳಗೆ ಬಚ್ಚಿಟ್ಟಿದ್ದರು. ಹೋದ ವರ್ಷ ಯಜಮಾನ ಮುದ್ದಪ್ಪ ಹೈವೇ ದಾಟುವಾಗ ಲಾರಿಗೆ ಸಿಕ್ಕಿ ತೀರಿಕೊಂಡರು. ಮನೆಯಲ್ಲಿ ಅವರದು ಇರೋದು ಆಧಾರ್ ಕಾರ್ಡಿನ ಫೋಟೋ ಒಂದೇ.

“ಅದ್ರಾಗೆ ಕಳ್ಳನಂಗವ್ರೆ ಕಣಮ್ಮ. ಈ ತಟ್ಟೆಯಾಗೆ ನಗ್ತಾರೆ.”

ಅದು ಮದುವೆಯ ಹೊಸತರಲ್ಲಿ ನಾವು ನೋಡಲು ಕೊಟ್ಟಿದ್ದ ಟ್ರಯಲ್ ಡಿಸ್ಕ್, ಅಳಿಸಿ ಮತ್ತೆ ಬರೆಯುವ ಜಾತಿಯದು. ಚೆನ್ನಾಗಿರುವ ಸೆಟ್ಟು ಗಂಡಿನ ಕಡೆಯವರ ಹತ್ತಿರ ಉಳಿಯಿತಂತೆ. ನಾಳೆ ಮಾಡಿಡುತ್ತೇನೆ ಅಂದೆ.

25 ಜನವರಿ, ಗುರುವಾರ



ಬೆಳಿಗ್ಗೆ ಕರಿಯಕ್ಕನ ಡಿಸ್ಕ್ ಕೆಳಗಿನ ಡ್ರೈವಿಗೆ ಹಾಕಿದೆ, ಕಾಪಿ ಮಾಡೋಣ ಅಂತ. ಅಷ್ಟರಲ್ಲಿ ಮಧುಗಿರಿಯ ಲಾಯರ್ ಪರಮೇಶ್ ಬಂದರು. ಯಾವುದೋ ಅಂಗಡಿಯ ಸಿಸಿಟಿವಿ ದೃಶ್ಯ, ಮಧ್ಯಾಹ್ನ ಕೋರ್ಟಿಗೆ ಕೊಡಬೇಕು, ಬೇಗ ಬೇಗ ಅಂದರು. ಹೊಸ ಡಿಸ್ಕ್ ಹಾಳಾದೀತೆಂದು ಮೊದಲು ಹಳೆಯ ಡಿಸ್ಕಿನಲ್ಲಿ ಪ್ರಯತ್ನಿಸೋಣ ಅಂತ ಒಂದನ್ನು ಮೇಲಿನ ಡ್ರೈವಿಗೆ ಹಾಕಿದೆ. ಡಿಸ್ಕ್ ಖಾಲಿ ಇಲ್ಲ, ಅಳಿಸಲಾ ಅಂತ ಕೇಳಿತು. ಮತ್ತೆ ಅದೇ ಪಟ್ಟಿ, ಅದೇ ಇಬ್ಬರು ರಾಮರು.

ಎರಡನೆಯದರ ಮೇಲೆ ಬಾಣ ಇಟ್ಟು ಇವರನ್ನು ಕೇಳಿದೆ, “ರೀ, ಮೇಲಿನದು ಇದೇನಾ?”

“ಹ್ಞೂಂ, ಹ್ಞೂಂ, ಹ್ಞೂಂ” ಅಂದರು. ಕೈ ಮಾತ್ರ ಬೇಡ ಬೇಡ ಅನ್ನುವಂತೆ ಆಡುತ್ತಿತ್ತು. ಆ ಕೈ ನನಗೆ ಕಾಣಿಸಿತು. ಕಂಡೂ ಮಾತನ್ನು ನಂಬಿ, ಪೂರ್ತಿ ಅಳಿಸು ಅಂತ ಒತ್ತಿದೆ.

ಕೆಲಸ ಮುಗಿದರೆ ಟ್ರೇ ತಾನೇ ಹೊರಗೆ ಬರುತ್ತದೆ. ಬಂದದ್ದು ಕೆಳಗಿನದು, ಕರಿಯಕ್ಕನ ಡಿಸ್ಕ್.

26 ಜನವರಿ, ಶುಕ್ರವಾರ

ಅಂಗಡಿ ತೆಗೆಯಲಿಲ್ಲ.

29 ಜನವರಿ, ಸೋಮವಾರ

ಕಂಪ್ಯೂಟರ್ ರಿಪೇರಿ ಬಾಬಾಜಾನ್ ಅವರನ್ನು ಕರೆಸಿದೆ. ಡಿಸ್ಕನ್ನು ಬೆಳಕಿಗೆ ಹಿಡಿದರು, ತಮ್ಮ ಲ್ಯಾಪ್‌ಟಾಪಿಗೆ ಹಾಕಿದರು, ಏನೇನೋ ಮಾಡಿದರು.

“ಅಕ್ಕಾ, ಪೂರಾ ಸಾಫ್. ಮೇಲೆ ಮೇಲೆ ಅಳಿಸಿದ್ರೆ ಏನಾದ್ರೂ ಸಿಗ್ತಿತ್ತು. ನೀವು ಫುಲ್ ಒತ್ತಿದ್ದೀರಿ.”

ನಮ್ಮ ಹಳೆಯ ಹಾರ್ಡ್‌ಡಿಸ್ಕ್‌ಗಳನ್ನೂ ನೋಡಿದರು. ಅಷ್ಟು ಹಳೆಯ ಮದುವೆಗಳು ಯಾವುದೂ ಇಲ್ಲ.

ನನಗೆ ಅಳು ಬಂತು. ಹೋಗುವ ಮುಂಚೆ ಅವರು ಕುರ್ಚಿ ಎಳೆದುಕೊಂಡು, “ಇಂಗೆ ಒಂದೇ ಹೆಸರು ಇಟ್ಕೊಂಡ್ರೆ ನಾನೂ ತಪ್ಪು ಮಾಡ್ತೀನಿ ಅಕ್ಕಾ” ಅಂತ ಸಾಫ್ಟ್‌ವೇರಿನ ಹೊಸ ವರ್ಷನ್ ಹಾಕಿದರು. ಅದರಲ್ಲಿ ಡ್ರೈವಿಗೆ ನಮಗೆ ಬೇಕಾದ ಹೆಸರು ಕೊಡಬಹುದಂತೆ. ಅಷ್ಟು ಸುಲಭದ್ದು ಹೋದ ವಾರ ಯಾಕೆ ಇರಲಿಲ್ಲ?

ಅವರು ಹೋದ ಮೇಲೆ ‘ಮೇಲಿನದು’, ‘ಕೆಳಗಿನದು’ ಅಂತ ಕನ್ನಡದಲ್ಲಿ ಹೊಡೆದೆ. ಪಟ್ಟಿಯಲ್ಲಿ ಕನ್ನಡ ಮೂಡದೆ ಎರಡೂ ಕಡೆ ಖಾಲಿ ಚೌಕಗಳ ಸಾಲು ಬಂತು. ಮೊದಲು ಇಬ್ಬರು ರಾಮರು, ಈಗ ಎರಡು ಸಾಲು ಕಿಟಕಿ.

1 ಫೆಬ್ರವರಿ, ಗುರುವಾರ

ಬೆಳಿಗ್ಗೆಯಿಂದ ಇವರ ಹತ್ತಿರ ಜಗಳ ಆಡಿದೆ. ಮಾತು ಬಾರದವರ ಹತ್ತಿರ ಜಗಳ ಆಡಿದೆ ಅಂತ ಬರೆಯಲೂ ನಾಚಿಕೆ. “ಬೇಡ ಅಂದರೆ ಬೇಡ ಅನ್ನೋದಕ್ಕೆ ಏನಾಗಿತ್ತು ನಿಮಗೆ?” ಅಂದುಬಿಟ್ಟೆ. ಇವರು ಎದ್ದು ಬಂದು ಕಂಪ್ಯೂಟರಿನ ಮುಂದೆ ಬಗ್ಗಿದರು. ಮೇಲಿನ ಡ್ರೈವಿನ ಮೇಲೆ ಎಡಗೈ ಬೆರಳಿಟ್ಟರು.

“ಕಾಫಿ.”

ಕೆಳಗಿನದರ ಮೇಲಿಟ್ಟರು.

“ಗೋಡೆ.”

ನಾನು ಕೆಳಗಿನದನ್ನು ತೋರಿಸಿದೆ. “ಗೋಡೆ.” ಮೇಲಿನದು ತೋರಿಸಿದೆ. “ಕಾಫಿ.” ಮುಖ ತೊಳೆದು ಬಂದು ಮತ್ತೆ ಕೇಳಿದೆ. ಅದೇ. ಮಧ್ಯಾಹ್ನ ಊಟ ಆದ ಮೇಲೆ ಕೇಳಿದೆ. ಅದೇ. ಮಿಕ್ಕಿದ್ದೆಲ್ಲ ಗಳಿಗೆಗೊಂದು ಹೆಸರು, ನನ್ನನ್ನು ನಿನ್ನೆ ‘ಛತ್ರಿ’ ಅಂದರು, ಇವತ್ತು ‘ಹುಣಿಸೆ’. ಇವೆರಡು ಮಾತ್ರ ಕದಲುವುದಿಲ್ಲ. ಯಾಕೆ ಕಾಫಿ, ಯಾಕೆ ಗೋಡೆ, ಯೋಚಿಸಿ ತಲೆ ಕೆಟ್ಟಿತು. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, “ನಿಲ್ಲೋ ಪದ ಸಿಕ್ಕರೆ ತಿದ್ದಬೇಡಿ, ನೀವೇ ಅದಕ್ಕೆ ಹೊಂದಿಕೊಳ್ಳಿ” ಅಂದರು.

ಚೌಕಗಳನ್ನು ಅಳಿಸಿ ಇಂಗ್ಲಿಷ್ ಅಕ್ಷರದಲ್ಲಿ ‘ಕಾಫಿ’, ‘ಗೋಡೆ’ ಅಂತ ಹಾಕಿದೆ. ಚೌಕ ಬರಲಿಲ್ಲ. ಇವರು ಪಟ್ಟಿ ನೋಡಿ, ಓದಿ, ನನ್ನ ಬೆನ್ನು ತಟ್ಟಿದರು.

ಲಾಯರ್ ಪರಮೇಶ್ ಇನ್ನೊಂದು ಕಾಪಿಗೆ ಬಂದಿದ್ದರು. ಅವತ್ತು ಅವರು ಬೇರೆ ಕಡೆ ಮಾಡಿಸಿಕೊಂಡರಂತೆ. ಈ ಸಲ ಇವರು “ಕಾಫಿ” ಅಂದರು, ನಾನು ಕಾಫಿಗೆ ಹಾಕಿ ರೈಟ್ ಮಾಡಿದೆ, ಸರಿಯಾಗಿ ಬಂತು. ಲಾಯರು ನಮ್ಮಿಬ್ಬರ ಮುಖವನ್ನೂ ಪರದೆಯನ್ನೂ ನೋಡಿ, “ನನಗೆ ಬೇಡಮ್ಮ, ಈಗ ತಾನೆ ಕುಡಿದು ಬಂದೆ” ಅಂದರು.

3 ಫೆಬ್ರವರಿ, ಶನಿವಾರ

ಕರಿಯಕ್ಕ ಬಂದರು. ಇನ್ನೂ ಆಗಿಲ್ಲ ಅಂತ ಸುಳ್ಳು ಹೇಳೋಣ ಅನ್ನಿಸಿತ್ತು. ಅವರು ಹೊಸ ಪೆನ್‌ಡ್ರೈವನ್ನು ಎಲೆಅಡಿಕೆ ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟಾಗ ಆಗಲಿಲ್ಲ. ಅಳಿಸಿಹೋಯಿತು ಕರಿಯಕ್ಕ, ನಾನೇ ಅಳಿಸಿಬಿಟ್ಟೆ ಅಂದೆ.

ಅವರಿಗೆ ಅರ್ಥ ಆಗಲಿಲ್ಲ. ಡಿಸ್ಕ್ ತಿರುಗಿಸಿ ತಿರುಗಿಸಿ ನೋಡಿದರು.

“ಅಂಗೇ ಹೊಳೀತೈತಲ್ಲಮ್ಮ. ಒಂದು ಗೀರೂ ಬಿದ್ದಿಲ್ಲ.”

ಹಾಕಿ ತೋರಿಸಿದೆ. ಏನೂ ಬರಲಿಲ್ಲ. ಸೆರಗಿನ ತುದಿಯಿಂದ ಖಾಲಿ ಪರದೆ ಒರೆಸಿ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಕೊನೆಗೆ, “ಲಾರಿಯೋನೂ ಇಂಗೇ ಅಂದ ಕಣಮ್ಮ. ಗೊತ್ತಾಗ್ಲಿಲ್ಲ ಅಂದ” ಅಂದರು.

ಇವರು ಒಂದೇ ಸಮನೆ “ಮೆಟ್ಟಿಲು, ಮೆಟ್ಟಿಲು” ಅನ್ನುತ್ತಿದ್ದರು. ಏನು ಹೇಳಲು ಹೊರಟಿದ್ದರೋ ಈಗಲೂ ಗೊತ್ತಿಲ್ಲ.

ಗಂಡಿನ ಕಡೆಯವರ ಸೆಟ್ಟು ಎಲ್ಲಿದೆ ಅಂತ ಕೇಳಿದೆ. ಚನ್ನರಾಯನದುರ್ಗದ ಹತ್ತಿರ, ಹುಡುಗನ ಹೆಸರು ರಂಗರಾಜು, ಅವನ ತಾಯಿ ಲಕ್ಕಮ್ಮ. “ನಾ ಆ ಹೊಸ್ಲು ತುಳಿಯಾಕಿಲ್ಲ. ನೀನೂ ಹೋಗ್ಬ್ಯಾಡ, ಬೈಸ್ಕೊಂಡು ಬತ್ತೀಯ” ಅಂದು ಎದ್ದರು. ಪೆನ್‌ಡ್ರೈವ್ ಇಲ್ಲೇ ಬಿಟ್ಟು ಹೋಗಿದ್ದಾರೆ. ಮರೆತು ಬಿಟ್ಟರೋ, ಬೇಕೆಂದೇ ಬಿಟ್ಟರೋ.

8 ಫೆಬ್ರವರಿ, ಗುರುವಾರ

ಹೋಗಬೇಕು. ಹೋಗಿ ಏನಂತ ಕೇಳುವುದು? ನಿಮ್ಮನ್ನು ಬಿಟ್ಟುಹೋದ ಸೊಸೆಯ ಮದುವೆ ವಿಡಿಯೋ ಕೊಡಿ ಅಂತಲೇ?

11 ಫೆಬ್ರವರಿ, ಭಾನುವಾರ

ಹೋಗಿ ಬಂದೆವು. ಕಾಲು ಬಿದ್ದುಹೋಗಿವೆ, ಆದರೂ ಬರೆದೇ ಮಲಗುತ್ತೇನೆ.

ಇವರನ್ನು ಮನೆಯಲ್ಲಿ ಬಿಟ್ಟು ಹೋಗೋಣ ಅಂತಿದ್ದೆ. ಬರುತ್ತೀರಾ ಅಂದರೆ “ಇಲ್ಲ” ಅಂದರು, ಆದರೆ ಚಪ್ಪಲಿ ಮೆಟ್ಟಿ ನನಗಿಂತ ಮೊದಲೇ ಬೀದಿಗಿಳಿದಿದ್ದರು. ಈ ಸಲ ಚಪ್ಪಲಿಯನ್ನೇ ನಂಬಿದೆ. ಮಧುಗಿರಿಯಲ್ಲಿ ಬಸ್ ಬದಲಾಯಿಸಿ, ಕೊನೆಗೆ ಆಟೋ ಮಾಡಿಕೊಂಡು ದುರ್ಗದ ಬೆಟ್ಟದ ಕೆಳಗಿನ ಆ ಊರಿಗೆ ಹೋದೆವು.

ಲಕ್ಕಮ್ಮ ಜಗಲಿಯಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದರು. ಶಿರಾದ ಸ್ಟುಡಿಯೋದವರು, ಮದುವೆ ಡಿಸ್ಕ್ ಬೇಕಿತ್ತು ಅಂದೆ.

“ಯಾವ ಮದ್ವೆ? ಈ ಮನ್ಯಾಗೆ ಎರಡು ಮದ್ವೆ ಆಗವೆ.”

ಪವಿತ್ರಳ ಮದುವೆ ಅಂದೆ. ಥಟ್ಟನೆ ಒಳಗೆ ನೋಡಿದರು. ಒಳಗೆ ಹೊಸ ಸೊಸೆ ಮಗುವಿಗೆ ಅನ್ನ ಉಣಿಸುತ್ತಿದ್ದಳು. ಲಕ್ಕಮ್ಮ ಹುಣಿಸೆಹಣ್ಣಿನ ಮೊರ ಪಕ್ಕಕ್ಕಿಟ್ಟು, “ಬನ್ರಿ ಈ ಕಡೆ” ಅಂತ ನಮ್ಮನ್ನು ಹೊಲದ ದಾರಿಗೆ ಎಳೆದುಕೊಂಡು ಹೊರಟರು. ದಾರಿಯುದ್ದಕ್ಕೂ ಬೈಗುಳ. “ಯಾರು ಕಳ್ಸಿದ್ದು ನಿಮ್ಮನ್ನ? ಕೋರ್ಟಿಗೆ ಹಾಕ್ತಾಳಾ? ನನ್ನ ಮಗ ಏನ್ ಮಾಡಿದ್ದ ಅವ್ಳಿಗೆ?”

ಕೋರ್ಟಿಗಲ್ಲ ಅಮ್ಮ, ಮುದ್ದಪ್ಪನವರ ಮುಖ ನೋಡಬೇಕಂತೆ, ಅವರು ತೀರಿಕೊಂಡು ವರ್ಷವಾಯಿತು ಅಂದೆ.

ಲಕ್ಕಮ್ಮ ದಾರಿಯಲ್ಲೇ ನಿಂತುಬಿಟ್ಟರು. “ಮುದ್ದಪ್ಪಣ್ಣ ಹೋದ್ನಾ? ಅಯ್ಯೋ ಶಿವನೇ! ನಮಗೊಂದು ಮಾತು ಯಾರೂ ಹೇಳ್ಲಿಲ್ವಲ್ಲ ಕಣಮ್ಮ.” ಬದುವಿನ ಮೇಲೆ ಕುಕ್ಕರಿಸಿ ಕಣ್ಣೊರೆಸಿಕೊಂಡರು. “ಮಕ್ಕಳು ಮಕ್ಕಳು ಕಿತ್ತಾಡ್ಕೊಂಡ್ರು. ಆವಯ್ಯ ನಮ್ಮನೀಗೆ ಬಂದ್ರೆ ಬರೀಕೈಲಿ ಬಂದೋನೇ ಅಲ್ಲ.”

ಆಮೇಲೆ ಕೈ ಎತ್ತಿ ಹೊಲ ತೋರಿಸಿದರು. ಸೂರ್ಯಕಾಂತಿ ಹೊಲ. ಈ ತುದಿಯಿಂದ ಆ ತುದಿಗೆ ದಾರ ಕಟ್ಟಿದ್ದರು, ದಾರದ ತುಂಬಾ ಡಿಸ್ಕ್‌ಗಳು, ಗಾಳಿಗೆ ಗಿರಗಿರ ತಿರುಗುತ್ತ, ಬಿಸಿಲಿಗೆ ಕಣ್ಣು ಕುಕ್ಕುವಂತೆ.

“ಗಿಳಿ ಕಾಟ ಕಣಮ್ಮ. ಮನ್ಯಾಗಿದ್ದವೂ ಕಟ್ಟಿವಿ, ಊರಾಗೆ ಯಾರ್ಯಾರೋ ಕೊಟ್ಟವೂ ಕಟ್ಟಿವಿ. ಯಾವ್ದು ಯಾವ್ದೋ.”

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ನಾನು ಒಂದು ಸಾಲಿಗೆ, ಇವರು ಒಂದು ಸಾಲಿಗೆ ಇಳಿದೆವು. ಮಾರ್ಕರಿನ ಬರಹ ಬಹುಪಾಲು ಬಿಸಿಲಿಗೆ ಹಾರಿಹೋಗಿತ್ತು. ಓದಲು ಬಂದವು ಭಕ್ತಿಗೀತೆ, ಯಾರದೋ ಗೃಹಪ್ರವೇಶ, ಯಾವುದೋ ಸಿನಿಮಾ. ಇವರು ಒಂದೊಂದನ್ನೂ ಓರೆ ಮಾಡಿ ನೋಡಿ ನೋಡಿ ಬಿಡುತ್ತಿದ್ದರು. ನಡುವೆ ಒಂದು ಕಡೆ ನಿಂತು, ನನ್ನನ್ನು ಏನೋ ಹೆಸರಿಟ್ಟು ಕೂಗಿದರು. ಏನಂತ ಕೂಗಿದರು ಅಂತ ಈಗ ಜ್ಞಾಪಕವಿಲ್ಲ, ಓಡಿಹೋದೆ. ಡಿಸ್ಕಿನ ಮೇಲೆ ನನ್ನ ಕೈಬರಹ. ‘ಚಿ॥ ರಾ॥’ ಮಾತ್ರ ಉಳಿದಿತ್ತು, ಅದರ ಕೆಳಗೆ ‘ಪವಿ’.

ಸೆಟ್ಟಿನಲ್ಲಿ ಮೂರಿರಬೇಕಿತ್ತು, ಸಿಕ್ಕಿದ್ದು ಎರಡು. ಅನುಮಾನವಿದ್ದರೆ ಎಲ್ಲಾ ತಗೊಂಡು ಹೋಗಿ ಅಂತ ಲಕ್ಕಮ್ಮ ಕುಡುಗೋಲಿನಿಂದ ದಾರವನ್ನೇ ಕೊಯ್ಯಲು ಹೊರಟರು. ಬೇಡ, ಗಿಳಿ ತಿನ್ನುತ್ತವೆ ಅಂದೆ.

“ತಿನ್ಕಣ್ಲಿ ಬುಡು. ಒಂದಿನ ತಿಂದ್ರೆ ಹೊಲ ಖಾಲಿ ಆಗ್ತೈತಾ?”

ಬರುವಾಗ ಜಗಲಿಯ ಮೊರದಲ್ಲಿದ್ದ ಹುಣಿಸೆಹಣ್ಣನ್ನು ನನ್ನ ಚೀಲಕ್ಕೆ ಸುರಿದು, “ಕರಿಯಕ್ಕಂಗೆ ಕೊಡು. ನಾ ಕೊಟ್ಟೆ ಅನ್ಬ್ಯಾಡ” ಅಂದರು. ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಕೂಗಿದರು, “ಕೊಟ್ಟೆ ಅಂತ್ಲೇ ಅನ್ನು!”

13 ಫೆಬ್ರವರಿ, ಮಂಗಳವಾರ

ಎರಡು ದಿನದಿಂದ ನಾವಿಬ್ಬರೂ ಅದೇ ಕೆಲಸ. ಸೋಪಿನ ನೀರಲ್ಲಿ ತೊಳೆದು ಹಳೆಯ ಪಂಚೆಯಲ್ಲಿ ಒರೆಸಿ ಹಾಕಿದೆವು. ಒಂದು ಡಿಸ್ಕ್ ಪದರ ಎದ್ದುಹೋಗಿದೆ, ಬರುವುದಿಲ್ಲ. ಇನ್ನೊಂದನ್ನು ಕಾಫಿ ಉಗುಳಿತು. ಇವರು “ಗೋಡೆ, ಗೋಡೆ” ಅಂತ ಟೇಬಲ್ ಬಡಿದರು. ಗೋಡೆಗೆ ಹಾಕಿದೆ. ಗರಗರ ಅಂದಿತು, ನಿಂತಿತು, ಮತ್ತೆ ಗರಗರ ಅಂದಿತು. ಸಂಜೆ ಹೊತ್ತಿಗೆ ಹತ್ತು ನಿಮಿಷದಷ್ಟು ದೃಶ್ಯ ಬಿಟ್ಟುಕೊಟ್ಟಿತು. ಏನಿದೆ ಅಂತ ನಾನು ನೋಡಲಿಲ್ಲ. ಕರಿಯಕ್ಕ ಮೊದಲು ನೋಡಲಿ.

ನಡುವೆ ಇಬ್ಬರು ಫೋಟೋಗೆ ಬಂದರು, ಒಬ್ಬರು ಡಿಸ್ಕಿಗೆ ಬಂದರು. ಹಾಲೇಶಣ್ಣ ಯಾವಾಗ ಸಿಗ್ತಾರೆ ಅಂತ ಕೇಳಿದರು. ನನ್ನ ಹತ್ತಿರ ಹೇಳಿ, ಮಾಡಿಕೊಡುತ್ತೇವೆ ಅಂದೆ.

17 ಫೆಬ್ರವರಿ, ಶನಿವಾರ

ಕರಿಯಕ್ಕ ಒಬ್ಬರೇ ಬರಲಿಲ್ಲ, ಪವಿತ್ರಳೂ ಬಂದಿದ್ದಳು. ಹೊಸ್ತಿಲ ಹೊರಗೇ ನಿಂತಳು. “ಅವ್ವಂಗೆ ಬಸ್ ಹತ್ತಿ ಇಳಿಯೋಕೆ ಕಷ್ಟ ಅಂತ ಬಂದೆ. ನಾನೇನೂ ನೋಡಲ್ಲ” ಅಂದಳು. ರಸ್ತೆ ಕಡೆ ತಿರುಗಿಕೊಂಡಳು.

ಹಾಕಿದೆ. ಚಿತ್ರ ಅಲ್ಲಲ್ಲಿ ಚೂರು ಚೂರಾಗುತ್ತದೆ. ಯಾರದೋ ಕೈ, ಅರ್ಧ ಚಪ್ಪರ, ವಾಲಗದವರು. ಆಮೇಲೆ ಬಿಳೀ ರುಮಾಲಿನ ಒಬ್ಬರು ಬಾಳೆಎಲೆ ಕಟ್ಟು ಹೊತ್ತು ಬಂದು ನಿಂತರು. ಕರಿಯಕ್ಕ ನನ್ನ ಮೊಣಕೈ ಹಿಡಿದುಕೊಂಡರು.

ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ಧ್ವನಿ ಬಂತು. ಇವರದು. ವಿಡಿಯೋಗೆ ಹಾಡು ಕೂಡಿಸುವಾಗ ತಮ್ಮ ಮಾತು ತೆಗೆಯಲು ಮರೆತಿದ್ದರು ಅನ್ನಿಸುತ್ತದೆ.

“ಮುದ್ದಪ್ಪಣ್ಣ, ಈ ಕಡೆ ನೋಡಣ್ಣ. ಮಗಳ ಮದುವೇಲಿ ಯಾಕಿಂಗೆ ಮುಖ ಗಂಟಾಕ್ಕೊಂಡಿದ್ದೀಯ, ಕುರಿ ಮಾರಿದೋನಂಗೆ?”

“ಮಾರಿದ್ದೇ ಕಣಪ್ಪೋ, ಒಂದು ಮಂದೇನೇ ಮಾರ್ಬುಟ್ಟೆ!” ಅಂದು ಮುದ್ದಪ್ಪ ಬಾಯಿ ತುಂಬಾ ನಕ್ಕರು. ಮುಂದಿನ ಒಂದು ಹಲ್ಲಿಲ್ಲ. ಕರಿಯಕ್ಕನೂ ನಕ್ಕುಬಿಟ್ಟರು. ಬಾಗಿಲಲ್ಲಿದ್ದ ಪವಿತ್ರ ತಿರುಗಿ ಒಳಗೆ ಬಂದಳು.

ನಾನು ಟೇಬಲ್ಲಿನ ಅಂಚು ಹಿಡಿದುಕೊಂಡು ನಿಂತಿದ್ದೆ. ಎಷ್ಟು ಸಲೀಸು ಮಾತು. ನವೆಂಬರಿನಿಂದ ಆ ಧ್ವನಿಗಾಗಿ ದೇವರಿಗೆ ಕೈ ಮುಗಿಯುತ್ತಿದ್ದೇನೆ, ಕೇಳಿಸಿದರೆ ಕುಸಿದುಹೋಗುತ್ತೇನೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಬಹಳ ದಿನದ ಹಿಂದಿನ ಪರಿಚಯದವರು ಯಾರೋ ಮಾತಾಡಿದ ಹಾಗಿತ್ತು. ಯಾಕೆ ಹಾಗನ್ನಿಸಿತೋ. ಇವರ ಕಡೆ ತಿರುಗಿದೆ, ಇವರಿಗೆ ಹೇಗನ್ನಿಸಿತೋ ಅಂತ.

ಇವರು ಪರದೆ ನೋಡುತ್ತಿರಲಿಲ್ಲ, ತಾಯಿಮಗಳನ್ನು ನೋಡುತ್ತಿದ್ದರು.

“ಗಂಡಿನ ಕಡೆಯವರನ್ನು ಕತ್ತರಿಸಿಯೇ ಪೆನ್‌ಡ್ರೈವಿಗೆ ಹಾಕುತ್ತೇನೆ” ಅಂದೆ. ಪವಿತ್ರ ಪರದೆಯಿಂದ ಕಣ್ಣು ತೆಗೆಯದೆ, “ಬ್ಯಾಡಕ್ಕ. ಅಪ್ಪ ಅವರ ಪಕ್ಕದಲ್ಲೇ ನಿಂತವ್ನೆ. ಕತ್ತರಿಸಿದ್ರೆ ಅಪ್ಪನೂ ಹೋಗ್ತಾನೆ” ಅಂದಳು.

ಇವರು ಎದ್ದು ಗಾಜಿನ ಬೀರು ತೆಗೆದು ಕ್ಯಾಮೆರಾ ಹೊರಗೆ ತಂದರು. ಬಲ ಮುಂಗೈಯಿಂದ ಎದೆಗೆ ಒತ್ತಿಕೊಂಡು, ಎಡಗೈಯನ್ನು ಮೇಲಿಂದ ಸುತ್ತಿ ತಂದು ಬಟನ್ ಮೇಲೆ ಬೆರಳಿಟ್ಟರು. ಮುದ್ದಪ್ಪ ನಗುವಾಗ ಪರದೆ ನಿಲ್ಲಿಸು ಅಂತ ನನಗೆ ಕಣ್ಣಿನಲ್ಲೇ ತೋರಿಸಿದರು. ನಿಲ್ಲಿಸಿದೆ. ತಾಯಿಮಗಳನ್ನು ಪರದೆಯ ಮುಂದೆ ಕೂರಿಸಿ, ಪವಿತ್ರಳ ಗಲ್ಲ ಬೆಳಕಿಗೆ ತಿರುಗಿಸಿದರು.

“ಬೆಲ್ಲ” ಅಂದರು. ಯಾರಿಗೂ ಗೊತ್ತಾಗಲಿಲ್ಲ. “ಬೆಲ್ಲ, ಬೆಲ್ಲ!”

“ಬೆಲ್ಲ ಅಂದ್ರೆ ನಗು ಅಂತಾನಾ ಅಯ್ನೋರೆ?” ಅಂದರು ಕರಿಯಕ್ಕ. ಇವರು ನನ್ನ ಮುಖ ನೋಡಿದರು. “ನನಗೂ ಗೊತ್ತಿಲ್ಲ ಕರಿಯಕ್ಕ” ಅಂದೆ. ಇಬ್ಬರೂ ನಕ್ಕರು. ಕ್ಲಿಕ್ಕಾಯಿತು.

ಫೋಟೋ ಸ್ವಲ್ಪ ವಾಲಿದೆ, ಪವಿತ್ರಳ ಒಂದು ಕಿವಿ ಹೊರಗುಳಿದಿದೆ. ಹಿಂದೆ ಮುದ್ದಪ್ಪ ಮಸುಕಾಗಿದ್ದರೂ ಹಲ್ಲಿಲ್ಲದ ಸಂದು ಚೆನ್ನಾಗಿ ಕಾಣುತ್ತದೆ. ಮೂವರೂ ನಗುತ್ತಿದ್ದಾರೆ. ದೊಡ್ಡದಾಗಿ ಪ್ರಿಂಟ್ ತೆಗೆದು ಕೊಟ್ಟೆ. ಕರಿಯಕ್ಕ ಅದನ್ನು ಸೆರಗಿನಲ್ಲಿ ಸುತ್ತಲು ಹೋದಾಗ ಪವಿತ್ರ, “ಕೊಡವ್ವ ಇಲ್ಲಿ, ಮಡಚಿಹೋಗುತ್ತೆ” ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.